ಒಂದೇ ಮಗ್ಗುಲಿಗೆ ಬಿದ್ದ ಕಲ್ಲಂಗಡಿ

ಖಲಾದಿಜೆ
ಮೇ ಹದಿನಾರು, ಶನಿವಾರ

ನನ್ನ ಅಕ್ಕರೆಯ ಬೀಗಿತ್ತಿ, ಕೋಯಾದ ದೊಡ್ಡ ಮನೆಯ ಒಡತಿ ಖಾವರ್ ಖಾನಂ ಅವರಿಗೆ ಪೀರೋಜಳ ಸಲಾಮು.

ಹೇಗಿದ್ದೀರಿ? ಉಮ್ರಾ ಯಾತ್ರೆ ಮುಗಿಸಿ ಬಂದ ನಿಮ್ಮ ಮನೆಯವರು ಹಾಜಿಯವರ ಕೆಮ್ಮು ನಿಂತಿತೇ? ಮಕ್ಕಾದ ಧೂಳು ಪುಣ್ಯದ್ದೇ ಆದರೂ ಗಂಟಲಿಗೆ ಅದು ಧೂಳೇ. ಸೋಂಪು ಕುದಿಸಿ ಕೊಡಿ. ಇಲ್ಲಿ ನಾವೆಲ್ಲ ಕ್ಷೇಮ. ನಮ್ಮ ಮನೆಯವರು ಸಾಬಿರ್ ನಿಮ್ಮೆಲ್ಲರಿಗೂ ಸಲಾಮು ಹೇಳಿದ್ದಾರೆ. ಹಿಪ್ಪುನೇರಳೆ ಹಣ್ಣು ಉದುರಿ ಅಂಗಳವೆಲ್ಲ ಮಸಿ ಚೆಲ್ಲಿದ ಹಾಗಾಗಿದೆ, ಟರ್ಕಿ ಕೋಳಿಯ ಮರಿಗಳು ಅದನ್ನು ತಿಂದು ತಿಂದು ಕೊಬ್ಬಿವೆ. ಆ ಮರಿಗಳ ವಿಷಯ ಮುಂದೆ ಬರೆಯುತ್ತೇನೆ. ಅವುಗಳಲ್ಲಿ ನಿಮಗೂ ಒಂದು ಪಾಲಿದೆ.

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ “ಹಲೋ, ಹಲೋ, ಏನೂ ಕೇಳಿಸ್ತಾ ಇಲ್ಲಮ್ಮ” ಎಂದು ಇಟ್ಟುಬಿಡುತ್ತೀರಿ. ನನ್ನ ಮಾತು ಶುರುವಾಗುವಾಗಲೇ ನಿಮ್ಮ ಕೋಯಾದ ಗಾಳಿಗೆ ಏನಾಗುತ್ತದೋ. ಕಾಗದಕ್ಕೆ ಆ ಕಾಯಿಲೆಯಿಲ್ಲ. ಮಗಳು ಶಾಲೆಗೆ ಸೇರಿದ ವರ್ಷ ಅವಳ ಮೊದಲ ಪುಸ್ತಕದಲ್ಲೇ ನಾನೂ ಅಕ್ಷರ ಕಲಿತವಳು. ಕೈಬರಹ ಕೆಟ್ಟದಾಗಿದೆ, ಮನಸ್ಸು ಅದಕ್ಕಿಂತ ಕೆಟ್ಟದಾಗಿದೆ, ಎರಡನ್ನೂ ಸಹಿಸಿಕೊಳ್ಳಿ.

ನಿಮ್ಮ ಕಿರಿಯ ಸೊಸೆ ಚಿನಾರಳ ಹಸುಗೂಸು ಹಾನಾಳನ್ನು ಅದೇ ತೊಟ್ಟಿಲಿಗೆ ಕಟ್ಟಿದ್ದೀರಿ ಎಂದು ಕೇಳಿದೆ. ಹೇಳಿದವಳು ನನ್ನ ಮಗಳು, ನಿಮ್ಮ ಹಿರಿಯ ಸೊಸೆ ರೇಜ್ನೆ. ಅವಳ ಮೇಲೆ ಸಿಟ್ಟಾಗಬೇಡಿ. ನನ್ನ ಮೊಮ್ಮಗ ದಿಯಾಕೋಗೆ ಆದದ್ದು ಆ ಹೆಣ್ಣುಕೂಸಿಗೂ ಆಗಬಾರದು ಎಂಬುದಷ್ಟೇ ಅವಳ ಸಂಕಟ. ನನ್ನದು ಅಷ್ಟೇ ಅಲ್ಲ. ನನ್ನ ಹೊಟ್ಟೆಯಲ್ಲಿ ಉರಿಯುತ್ತಿರುವುದು ಬೇರೆಯೇ ಒಂದು ಒಲೆ, ಅದಕ್ಕೆ ಸೌದೆ ಹಾಕಿದವರು ನೀವು.

ನಿಮಗೆ ಮರೆವು ಹೆಚ್ಚು, ಅದರಲ್ಲೂ ನೀವೇ ಆಡಿದ ಮಾತುಗಳ ಮರೆವು. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ.

ಹೋದ ವರ್ಷ ದಾಳಿಂಬೆ ಒಡೆಯುವ ಕಾಲಕ್ಕೆ ದಿಯಾಕೋ ಹುಟ್ಟಿದ. ನಾನು ಖರ್ಜೂರ ತುಂಬಿದ ಕುಲೀಚೆ ಬಿಸ್ಕತ್ತು ಸುಟ್ಟುಕೊಂಡು ನೋಡಲು ಬಂದೆ. ತಲೆ ಆಗತಾನೇ ನಾದಿಟ್ಟ ಹಿಟ್ಟಿನ ಉಂಡೆಯ ಹಾಗೆ ಗುಂಡಗಿತ್ತು. ನನ್ನ ಈ ಅಂಗೈಯಲ್ಲೇ ಹಿಡಿದಿದ್ದೆ, ಸುಳ್ಳಲ್ಲ. ನೀವು ಅಟ್ಟದಿಂದ ತೊಟ್ಟಿಲು ಇಳಿಸಿದಿರಿ. ನಿಮ್ಮ ಅತ್ತೆ ಕೊಟ್ಟದ್ದು, ಆಕ್ರೋಡು ಮರದ್ದು, ಮೇಲಿನ ಅಡ್ಡದಂಡಕ್ಕೆ ಬಣ್ಣದ ಬಳೆಗಳು. ನಿಮ್ಮ ಮಕ್ಕಳು ಹೇಮಿನ್, ಝಾನಾ, ಅವರ ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಅದರಲ್ಲೇ ಬೆಳೆದವರು ಎಂದಿರಿ. ತೊಟ್ಟಿಲಿನ ಮೇಲೆ ನನಗೇನೂ ಹಗೆಯಿಲ್ಲ. ನಾನೂ ತೊಟ್ಟಿಲಲ್ಲೇ ಬೆಳೆದವಳು, ನಮ್ಮ ಸೀಮೆಯ ಯಾರು ಬೆಳೆದಿಲ್ಲ ಹೇಳಿ? ಆದರೆ ನಮ್ಮಮ್ಮ ಗೋಧಿ ಹೊಲಕ್ಕೆ ಹೋದಾಗ ಕಟ್ಟುತ್ತಿದ್ದಳು, ಬಂದು ಬಿಚ್ಚುತ್ತಿದ್ದಳು. ನಿಮ್ಮ ಮನೆಯಲ್ಲಿ ಯಾರೂ ಹೊಲಕ್ಕೆ ಹೋಗುವುದಿಲ್ಲ. ನಾಲ್ಕು ಹೆಂಗಸರು ಸುತ್ತ ಕೂತು ಟೀ ಕುಡಿಯುತ್ತಿದ್ದರೂ ಕೂಸಿನ ಎದೆಗೊಂದು ಪಟ್ಟಿ, ಕಾಲಿಗೊಂದು ಪಟ್ಟಿ. ಬಿಚ್ಚಿದರೆ ಕೈಕಾಲು ಸೊಟ್ಟಗಾಗುತ್ತವೆ ಎಂದಿರಿ. ಹಾಲು ಕುಡಿಸುವಾಗಲೂ ಬಿಚ್ಚಬಾರದು, ತಾಯಿಯೇ ಬಗ್ಗಬೇಕು.

ನನ್ನ ಮಗಳು ಬಗ್ಗಿದಳು. ಯಾವ ಕಡೆಯಿಂದ ಬಗ್ಗಿದಳು ಎಂಬುದನ್ನು ನೀವು ಒಮ್ಮೆಯಾದರೂ ನೋಡಿದ್ದಿರಾ? ತೊಟ್ಟಿಲಿನ ಎಡಗಡೆ ಗೋಡೆ. ಮೇಲೆ ದೃಷ್ಟಿ ತಾಗದಿರಲೆಂದು ದಪ್ಪ ಹೊದಿಕೆ, ಬಲಗಡೆ ಮಾತ್ರ ಒಂದಿಷ್ಟು ಸಂದು. ಹಾಲು ಬರುವುದು ಬಲಗಡೆಯಿಂದ, ಬೆಳಕು ಬರುವುದು ಬಲಗಡೆಯಿಂದ, ಅಮ್ಮನ ದನಿ ಬರುವುದು ಬಲಗಡೆಯಿಂದ. ಕೈಕಾಲು ಕಟ್ಟಿಸಿಕೊಂಡ ಕೂಸು ಇನ್ನೆಲ್ಲಿಗೆ ತಿರುಗಬೇಕು? ಮೊದಲ ಮೂರು ತಿಂಗಳೂ ಅವನು ಅದೇ ಕಡೆ ಕತ್ತು ಹೊರಳಿಸಿ ಮಲಗಿದ. ತಲೆಯ ಬಲಗಡೆ, ಹಿಂದೆ, ನೆಲಕ್ಕೊತ್ತಿದ ಹಿಟ್ಟಿನ ಹಾಗೆ ಚಪ್ಪಟೆಯಾಗಿ ತಟ್ಟಾಯಿತು. ಬಲಗಿವಿ ಮುಂದೆ ಸರಿಯಿತು. ಹಣೆ ಒಂದು ಕಡೆ ಉಬ್ಬಿತು.

ರೇಜ್ನೆ ಮೊದಲು ಕಂಡದ್ದು ಸ್ನಾನ ಮಾಡಿಸುವಾಗ. “ಅತ್ತೆ, ಇಲ್ನೋಡಿ, ಇವನ ತಲೆ ಯಾಕೋ ಒಂದ್ಕಡೆ ಇಳಿದಿದೆ” ಎಂದಳಂತೆ. ನೀವು ಏನು ಮಾಡಿದಿರಿ? ಪಟ್ಟಿ ಸಡಿಲ ಮಾಡಿದಿರಾ? ಇಲ್ಲ. ತಲೆಗೂ ಒಂದು ಪಟ್ಟಿ ಸುತ್ತಿದಿರಿ. ಉಬ್ಬಿದ ಕಡೆ ಒತ್ತಿ, ಹಿಂದೆ ಗಂಟು ಹಾಕಿ, “ಮೂಳೆ ಮೇಣ ಇದ್ದ ಹಾಗೆ, ಬಿಗಿದ್ರೆ ಬರುತ್ತೆ” ಎಂದಿರಿ. ಕೂಸಿನ ಹಣೆಯ ಮೇಲೆ ಬಿದ್ದ ಆ ಗಂಟಿನ ಗೆರೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಅದನ್ನೂ ಮನ್ನಿಸಬಹುದಿತ್ತು. ತಿಳಿಯದೆ ಮಾಡಿದ್ದು ಎಂದುಕೊಳ್ಳುತ್ತಿದ್ದೆ. ಆದರೆ ಜನವರಿಯಲ್ಲಿ ನಿಮ್ಮ ಮನೆಯಲ್ಲಿ ಪ್ರವಾದಿಗಳ ಸ್ತುತಿಯ ಮೌಲೂದ್ ಓದಿಸಿದಿರಲ್ಲ, ಊರಿನ ಹೆಂಗಸರೆಲ್ಲ ಸೇರಿದ್ದರು, ನಾನೂ ಇದ್ದೆ, ಗುಲಾಬಿ ನೀರು ಚಿಮುಕಿಸಿಯಾಗಿತ್ತು. ನಿಮ್ಮ ನಾದಿನಿ ಗೆಲಾವೇಜ್ “ಮೊಮ್ಮಗನ್ನ ತೋರಿಸು, ಖಾವರ್” ಎಂದಳು. ನೀವು ರೇಜ್ನೆಯ ಮಡಿಲಿಂದ ಅವನನ್ನು ಎತ್ತಿ, ಟೊಪ್ಪಿಗೆ ಕಿತ್ತು, ಎಲ್ಲರ ಮುಂದೆ ತಿರುಗಿಸಿದಿರಿ.

“ನೋಡ್ರೇ ಇದನ್ನ. ಒಂದೇ ಮಗ್ಗುಲಿಗೆ ಬಿದ್ದು ಹಣ್ಣಾದ ಕಲ್ಲಂಗಡಿ. ನಮ್ಮ ಕಡೆ ಇಂಥ ತಲೆ ಯಾರದ್ದಿದೆ ಹೇಳಿ? ಇದು ತಾಯಿ ಕಡೇದು. ಖಲಾದಿಜೆ ರಕ್ತ.”

ಗೆಲಾವೇಜ್ ಎಲ್ಲರಿಗಿಂತ ಜೋರಾಗಿ ನಕ್ಕಳು. “ಹಂಗಾದ್ರೆ ಕುಯ್ದು ಉಪ್ಪು ಹಾಕ್ಕೊಂಡ್ ತಿನ್ನು” ಎಂದಳು. ಆಗ ಇಡೀ ಕೋಣೆ ನಕ್ಕಿತು. ನನ್ನ ಮಗಳು ಟೊಪ್ಪಿಗೆ ಹಾಸಿನ ಮೇಲಿಂದ ಎತ್ತಿಕೊಂಡಳು. ಅದರ ಅಂಚಿನ ನೀಲಿ ಮಣಿ ಎಲ್ಲೋ ಉದುರಿತ್ತು, ಅವಳು ಅದನ್ನು ಹುಡುಕಲಿಲ್ಲ. ನಾನು ಆ ಹೊತ್ತು ಏನೂ ಹೇಳಲಿಲ್ಲ. ನನ್ನ ಗಂಡನ ಕಡೆಯವರು ನನ್ನನ್ನು ಬಾಯಿಬಡುಕಿ ಎನ್ನುತ್ತಾರೆ. ಅವರು ಅಂದು ನೋಡಬೇಕಿತ್ತು. ಖಾವರ್ ಖಾನಂ, ನನಗೆ ಮಾತು ಬಂದರೆ ಒಳ್ಳೆಯದು. ಬರದಿದ್ದರೆ ಭಯಪಡಬೇಕು.

ಮಾರನೇ ಬೆಳಿಗ್ಗೆ ಮಗಳನ್ನೂ ಕೂಸನ್ನೂ ಕರೆದುಕೊಂಡು ನಮ್ಮ ಖಲಾದಿಜೆಗೆ ಹೊರಟೆ. ರಾನಿಯಾ ದಾರಿಯಲ್ಲೆಲ್ಲ ಹಿಮ. ರೇಜ್ನೆ ದಾರಿಯುದ್ದಕ್ಕೂ ಕೇಳಿದ್ದು ಒಂದೇ: “ಅಮ್ಮ, ನಿಜವಾಗ್ಲೂ ನಮ್ಮ ಕಡೇದಾ?” ಅಷ್ಟು ದಿನ ತನ್ನ ಹೊಟ್ಟೆಯಲ್ಲೇ ಏನೋ ಕೆಟ್ಟಿತ್ತು ಎಂದುಕೊಂಡು ಕೊರಗಿದ್ದಳು ಆ ಹುಡುಗಿ. ಆ ಒಂದು ಪ್ರಶ್ನೆಗೆ ನೀವು ಉತ್ತರ ಕೊಡಲೇಬೇಕು. ಅದನ್ನು ಪಡೆದೇ ತೀರಬೇಕೆಂದು ಆ ದಿನವೇ ನಿರ್ಧರಿಸಿದೆ.

ಸುಲೇಮಾನಿಯಾದಲ್ಲಿ ಒಬ್ಬರು ಮಕ್ಕಳ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ತಲೆಯನ್ನು ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಅಳೆದರು. ಮೇಲಿಂದ ನೋಡಿದರು. ಕತ್ತನ್ನು ಎಡಕ್ಕೆ ತಿರುಗಿಸಿದರೆ ಅವನು ಕಿರುಚಿದ. ಒಂದು ಕಡೆಯ ನರ, ಅಂದರೆ ಮಾಂಸದ ಹುರಿ, ಬಿಗಿದುಕೊಂಡಿತ್ತು. ನಾನು ಮೊದಲು ಕೇಳಿದ್ದು ಮದ್ದನ್ನಲ್ಲ. “ಡಾಕ್ಟರಮ್ಮ, ಇದು ರಕ್ತದಲ್ಲಿ ಬರುತ್ತಾ?” ಎಂದೆ. ಆಕೆ ನಕ್ಕರು. “ರಕ್ತದಲ್ಲಿ ಅಲ್ಲಮ್ಮ, ಹಾಸಿಗೇಲಿ ಬರುತ್ತೆ. ಎಳೆ ತಲೆ, ಯಾವ ಕಡೆ ಭಾರ ಬಿತ್ತೋ ಆ ಕಡೆ ತಟ್ಟಾಗುತ್ತೆ. ಭಾರ ತೆಗೀರಿ. ಒಳಗೆ ಮೆದುಳು ಬೆಳೀತಾ ಬೆಳೀತಾ ಅದೇ ತುಂಬಿಕೊಂಡು ಬರುತ್ತೆ. ಸದ್ಯ, ಬೇಗ ಬಂದಿದೀರಿ.” ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ, ನಿಮಗೆ ತಲುಪಿಸುವಾಗ ಒಂದಕ್ಷರವೂ ಆಚೀಚೆ ಆಗಬಾರದೆಂದು. ಈಗ ತಲುಪಿಸಿದ್ದೇನೆ.

ಮಾಡಬೇಕಾದದ್ದನ್ನೂ ಬರೆಯುತ್ತೇನೆ, ಹಾನಾಳ ಸಲುವಾಗಿ. ಮಲಗಿಸುವಾಗ ಅಂಗಾತವೇ ಮಲಗಿಸಬೇಕು, ಅದರಲ್ಲಿ ಬದಲಿಲ್ಲ, ಆದರೆ ಕಟ್ಟಬಾರದು, ತಲೆಗೆ ದಿಂಬೂ ಬೇಡ, ಪಟ್ಟಿಯೂ ಬೇಡ. ಇಂದು ತಲೆ ಇದ್ದ ಕಡೆ ನಾಳೆ ಕಾಲು ಬರಬೇಕು. ಆಗ ಬೆಳಕು ನೋಡಲು ಕೂಸು ತಾನಾಗಿ ಇನ್ನೊಂದು ಕಡೆ ತಿರುಗುತ್ತದೆ. ಹಾಲು ಕುಡಿಸುವಾಗ ತೋಳು ಬದಲಿಸಬೇಕು. ಎಚ್ಚರವಿದ್ದಾಗ, ಯಾರಾದರೂ ಕಣ್ಣಿಟ್ಟು ನೋಡುತ್ತಿರುವಾಗ, ಬೋರಲು ಮಲಗಿಸಬೇಕು. ಉಳಿದ ಹೊತ್ತು ಎತ್ತಿಕೊಳ್ಳಬೇಕು. ಎತ್ತಿಕೊಂಡರೆ ಚಾಳಿಯಾಗುತ್ತದೆ ಎಂದು ನೀವು ಹೇಳುತ್ತೀರಿ. ಆಗಲಿ ಬಿಡಿ. ಅಜ್ಜಿಯ ತೋಳಿಗೆ ಅದಕ್ಕಿಂತ ಒಳ್ಳೆಯ ಕೆಲಸ ಏನಿದೆ?

ಮೊದಮೊದಲು ದಿಯಾಕೋ ಪಟ್ಟಿಯಿಲ್ಲದೆ ನಿದ್ದೆ ಮಾಡಲೊಲ್ಲ. ಕೈ ಎಗರಿಸಿ ತಾನೇ ಬೆಚ್ಚಿಬೀಳುತ್ತಿದ್ದ. ಬೋರಲು ಹಾಕಿದರಂತೂ ಮೂಗು ಹಾಸಿಗೆಗೆ ಒತ್ತಿ, ಊರು ಕೇಳುವ ಹಾಗೆ ಅಳು. ಆಗ ಸಾಬಿರ್ ತಾವೂ ನೆಲದ ಮೇಲೆ ಬೋರಲು ಬಿದ್ದರು. ಪೇಟ ಸುತ್ತಿದ ಗಂಡಸು, ಕೂಸಿನ ಮುಖಕ್ಕೆ ಮುಖ ಕೊಟ್ಟು ಮೇಕೆಯ ಹಾಗೆ ಅರಚುವುದು! ದಿಯಾಕೋ ಅಳು ನಿಲ್ಲಿಸಿ, ನಡುಗುವ ಕತ್ತೆತ್ತಿ, ಈ ಮೇಕೆ ಯಾವುದಪ್ಪಾ ಎಂದು ನೋಡಿದ. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು “ಏನ್ ಸಾಬಿರಣ್ಣ, ಹಬ್ಬಕ್ಕೆ ನಿನ್ನನ್ನೇ ಕಡೀತಾರಾ?” ಎಂದು ಕೇಳಿದರು. ಬಟ್ಟೆ ಬದಲಿಸಿದಾಗಲೆಲ್ಲ ರೇಜ್ನೆ ಅವನ ಕತ್ತನ್ನು, ಆಸ್ಪತ್ರೆಯಲ್ಲಿ ತೋರಿಸಿಕೊಟ್ಟ ಹಾಗೆ, ಮೆಲ್ಲಗೆ ಎಡಕ್ಕೆ ಹಿಡಿಯುತ್ತಿದ್ದಳು. ನಾನು ಎಡಗಡೆಯಿಂದಲೇ ಮಾತಾಡಿಸುತ್ತಿದ್ದೆ, ಎಡಗಡೆಯಿಂದಲೇ ತಟ್ಟೆ ಬಡಿಯುತ್ತಿದ್ದೆ. ಬಲಗಡೆ ಏನಿದೆ ಎಂಬುದೇ ನಮ್ಮ ಮನೆಗೆ ಮರೆತುಹೋಗಿತ್ತು.

ಆಗ ಬಂತು ನಿಮ್ಮ ತೊಟ್ಟಿಲು. ಅಳಿಯ ಹೇಮಿನ್ ಪಿಕಪ್‌ನಲ್ಲಿ ಹೇರಿಕೊಂಡು ಬಂದ. ನಿಮ್ಮ ಹೇಳಿಕೆಯನ್ನು ಬಾಯಿಪಾಠ ಒಪ್ಪಿಸಿದ, ಪಾಪ, ನೆಲ ನೋಡಿಕೊಂಡು: “ಕೂಸು ನಮ್ಮದು, ತೊಟ್ಟಿಲೂ ನಮ್ಮದು. ಇದರಲ್ಲೇ ಕಟ್ಟಿ ಮಲಗಿಸ್ಬೇಕಂತೆ. ಆಗಲ್ಲ ಅಂದ್ರೆ ರೇಜ್ನೆ ಅಲ್ಲೇ ಇರಲಂತೆ.” ನಾನು “ಒಳಗೆ ಬಾ ಮಗಾ, ಟೀ ಕುಡಿ” ಎಂದೆ. ಮಗ ಬೋರಲು ಬಿದ್ದು ಕತ್ತೆತ್ತಿ ತನ್ನನ್ನು ನೋಡಿದ್ದನ್ನು ಕಂಡ ಮೇಲೆ ಹೇಮಿನ್ ಬಹಳ ಹೊತ್ತು ಟೀಗೆ ಸಕ್ಕರೆ ಹಾಕುವುದನ್ನೇ ಮರೆತ. ಹೊರಡುವಾಗ “ಅತ್ತೆ, ತೊಟ್ಟಿಲು ಇಲ್ಲೇ ಇರಲಿ. ಅಮ್ಮ ಕೇಳಿದ್ರೆ ಇದೆ ಅಂತೀನಿ” ಎಂದ.

ಇತ್ತು. ಹಾಳು ಮಾಡಲಿಲ್ಲ. ವಸಂತದಲ್ಲಿ ನನ್ನ ಟರ್ಕಿ ಕೋಳಿ ಕಾವು ಕೂರಲು ಜಾಗ ಹುಡುಕುತ್ತಿತ್ತು. ತೊಟ್ಟಿಲಿಗೆ ಹುಲ್ಲು ಹಾಸಿ, ಮೊಟ್ಟೆ ಇಟ್ಟು, ಕೂರಿಸಿದೆ. ನಿಮ್ಮ ಅತ್ತೆಯ ಆಕ್ರೋಡು ತೊಟ್ಟಿಲು, ಮೇಲೆ ಬಣ್ಣದ ಬಳೆಗಳು, ಕೆಳಗೆ ನನ್ನ ಕೋಳಿ ರಾಣಿಯ ಹಾಗೆ. ಬಂದವರಿಗೆಲ್ಲ ತೋರಿಸಿದೆ. “ಇದು ಯಾರ ಮನೇದು ಗೊತ್ತಾ?” ಎಂದೆ. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಮರಿಗಳೆಲ್ಲ ಚೆನ್ನಾಗಿ ಹೊರಬಂದವು. ಒಂದಕ್ಕೂ ತಲೆ ತಟ್ಟಾಗಲಿಲ್ಲ. ಯಾಕೆಂದರೆ ನಾನು ಅವನ್ನು ಕಟ್ಟಲಿಲ್ಲ.

ನಿಮ್ಮ ಮೂಗಿಗೆ ಈಗ ಏನಾದರೂ ವಾಸನೆ ಬರುತ್ತಿದ್ದರೆ ಅದು ಬರಿಯ ನಿಮ್ಮ ಭ್ರಮೆ. ತೊಟ್ಟಿಲನ್ನು ಬೂದಿಯಲ್ಲೂ ಸೋಪಿನಲ್ಲೂ ತಿಕ್ಕಿ, ಬಿಸಿಲಿಗಿಟ್ಟೇ ಕಳಿಸಿದ್ದೇನೆ.

ಏಪ್ರಿಲ್‌ನಲ್ಲಿ ಹಾಜಿಯವರು ಉಮ್ರಾದಿಂದ ಬಂದ ಊಟಕ್ಕೆ ನಾವೂ ಬಂದೆವು. ಆ ಹೊತ್ತಿಗೆ ಅವನ ಎರಡು ಕಿವಿಯೂ ಒಂದೇ ಸಾಲಿಗೆ ಬಂದಿದ್ದವು, ಹಿಂದೆ ಅಂಗೈ ಇಟ್ಟರೆ ಅಂಗೈ ತುಂಬುತ್ತಿತ್ತು. ಬೇಕೆಂದೇ ಟೊಪ್ಪಿಗೆ ಹಾಕಲಿಲ್ಲ. ಬರಿತಲೆಯಲ್ಲಿ, ಹೆಗಲ ಮೇಲೆ ಹೊತ್ತು, ಅಂದು ನಕ್ಕ ಎಲ್ಲ ಹೆಂಗಸರ ನಡುವೆ ನಡೆದೆ. ನಿಜ ಹೇಳಲೇ? ಕೂಸಿನ ತಲೆ ಗುಂಡಗಾದ ಸಂತೋಷಕ್ಕಿಂತ ನಿಮ್ಮ ಮುಖ ತಟ್ಟಾಗುವುದನ್ನು ನೋಡುವ ಆಸೆಯೇ ಹೆಚ್ಚಾಗಿತ್ತು. ಆ ಒಂದು ಗಳಿಗೆಗಾಗಿ ಚಳಿಗಾಲವೆಲ್ಲ ತಟ್ಟೆ ಬಡಿದಿದ್ದೆ. ಗೆಲಾವೇಜ್ ತಲೆ ಸವರಿದಳು, ಮತ್ತೆ ಸವರಿದಳು. “ಅಯ್ಯೋ, ಇದು ಅದೇ ಮಗೂನಾ?” ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ಹಿಂದಿನಿಂದ ಬಂದು ಅವನನ್ನು ಎತ್ತಿಕೊಂಡಿರಿ.

“ಮತ್ತೇನಂದ್ಕೊಂಡ್ರಿ? ನಮ್ಮ ತೊಟ್ಟಿಲು ಕೈಬಿಡುತ್ತಾ? ಕಳಿಸಿಕೊಟ್ಟಿದ್ದೆ. ಪಟ್ಟಿ ಬಿಗಿಯೋದು ಹೇಗೆ ಅಂತ ನಾನೇ ಹೇಳ್ಕೊಟ್ಟಿದ್ದೆ.”

ನನ್ನ ಬಾಯಲ್ಲಿ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೋಲ್ಮಾ ಇತ್ತು. ನುಂಗುವಷ್ಟರಲ್ಲಿ ನೀವು ಮೂರು ಹೆಂಗಸರಿಗೆ ಪಟ್ಟಿಯ ಅಗಲ ತೋರಿಸುತ್ತಿದ್ದಿರಿ. ಅವರು ತಲೆಯಾಡಿಸುತ್ತಿದ್ದರು. ನನ್ನ ಸೇಡು ನನ್ನ ಗಂಟಲಲ್ಲೇ ದ್ರಾಕ್ಷಿ ಎಲೆಯ ಜೊತೆ ಇಳಿದುಹೋಯಿತು.

ಹೇಮಿನ್ ಆಮೇಲೆ ನಿಮ್ಮ ಹಿಂದಿನ ಓಣಿಯಲ್ಲಿ ಬೇರೆ ಮನೆ ಮಾಡಿ ರೇಜ್ನೆಯನ್ನು ಕರೆಸಿಕೊಂಡ, ಅವನಿಗೆ ದೇವರು ಒಳ್ಳೆಯದು ಮಾಡಲಿ. ನೀವು ತೊಟ್ಟಿಲನ್ನು ಕೇಳಿ ಕಳಿಸಿದಾಗ, ಅಟ್ಟಕ್ಕೆ ಹಾಕುತ್ತೀರಿ ಎಂದೇ ಕೊಟ್ಟೆ. ಈಗ ಅದರಲ್ಲಿ ಹಾನಾ. ತಲೆಗೂ ಪಟ್ಟಿ ಸುತ್ತಿದ್ದೀರಂತೆ, ತಟ್ಟಾಗುವ ಮೊದಲೇ, ಮುನ್ನೆಚ್ಚರಿಕೆಗೆ! ಚಿನಾರ್ ಅತ್ತು “ಬಿಚ್ಚಿಬಿಡಿ ಅತ್ತೆ” ಎಂದಳಂತೆ. ಅದಕ್ಕೆ ನೀವು ಕೊಟ್ಟ ಉತ್ತರ ನನಗೆ ಬಂದು ಮುಟ್ಟಿದೆ. “ರೇಜ್ನೆಗೆ ತವರಿತ್ತು, ಓಡಿದ್ಲು. ನಿನಗೇನಿದೆ? ತಾಯಿಯಿಲ್ಲ, ತಂದೆಯಿಲ್ಲ. ಎಲ್ಲಿಗೆ ಹೋಗ್ತೀಯಾ?”

ಖಾವರ್ ಖಾನಂ, ನನ್ನನ್ನು ಅಂದದ್ದಕ್ಕೆ ನಾನು ಒಂದು ಕೋಳಿ ಕೂರಿಸಿ ಸುಮ್ಮನಾಗುತ್ತಿದ್ದೆ. ತಾಯಿಯಿಲ್ಲದ ಹುಡುಗಿಗೆ ಅಂದದ್ದಕ್ಕೆ ಕೋಳಿ ಸಾಲದು.

ಆದ್ದರಿಂದ ಕೇಳಿ. ಬರುವ ಶುಕ್ರವಾರ ನಿಮ್ಮ ಮನೆಗೆ ಹೆಂಗಸರನ್ನು ಕರೆಯಿರಿ, ಅಂದು ನಕ್ಕವರನ್ನೆಲ್ಲ. ದಿಯಾಕೋನ ತಲೆ ತಟ್ಟಾದದ್ದು ರಕ್ತದಿಂದಲ್ಲ, ಕಟ್ಟಿದ್ದರಿಂದ ಎನ್ನಿ. ಸರಿಯಾದದ್ದು ಬಿಚ್ಚಿದ್ದರಿಂದ ಎನ್ನಿ. ಕಲ್ಲಂಗಡಿ ಎಂದ ಅದೇ ದನಿಯಲ್ಲಿ, ಅಷ್ಟೇ ಜೋರಾಗಿ. ಪಟ್ಟಿಯ ಅಗಲ ಕಲಿತುಕೊಂಡು ಹೋದ ಆ ಮೂವರಿಗೆ ಮೊದಲು ಹೇಳಿ, ಅವರ ಮನೆಗಳಲ್ಲೂ ಕೂಸುಗಳಿವೆ. ಹೇಳದಿದ್ದರೆ ನಾನೇ ಬಂದು ಹೇಳುತ್ತೇನೆ. ಕೋಯಾದ ಹೆಂಗಸರೆಲ್ಲ ಸ್ನಾನಕ್ಕೆ ಸೇರುವ ಹಮಾಮಿನಲ್ಲಿ ದನಿ ಚೆನ್ನಾಗಿ ಮೊಳಗುತ್ತದೆ. ಕೋಳಿಯ ಕಥೆಯನ್ನೂ ಸೇರಿಸಿ ಹೇಳುತ್ತೇನೆ. ನನ್ನ ಬಾಯಲ್ಲಿ ಆ ದಿನ ದೋಲ್ಮಾ ಇರುವುದಿಲ್ಲ.

ಹಾಜಿಯವರಿಗೆ ಸಲಾಮು. ಮಕ್ಕಳಿಗೆ ಮುತ್ತು. ನಿಮ್ಮ ಕೈಗಳಿಗೂ ಮುತ್ತು, ಆ ಗಂಟುಗಳನ್ನು ಬಿಚ್ಚಿದ ಮೇಲೆ.

ಸದಾ ನಿಮ್ಮನ್ನೇ ನೆನೆಯುವ,
ಬೀಗಿತ್ತಿ ಪೀರೋಜ್

ಕಾಗದ ಮಡಿಸುವ ಮುನ್ನ: ನನ್ನ ಪತ್ರ ಬಂದರೆ ನೀವು ಒಳಕೋಣೆಯ ಬಾಗಿಲು ಹಾಕಿಕೊಂಡು, ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ಓದುತ್ತೀರಿ, ಯಾರು ಕರೆದರೂ ಓಗೊಡುವುದಿಲ್ಲ ಎಂದು ರೇಜ್ನೆ ಹೇಳಿದ್ದಳು. ಬೀಗಿತ್ತಿಯ ಬೈಗುಳ ಮನೆಯವರಿಗೆ ತಿಳಿಯಬಾರದಲ್ಲ. ಅದಕ್ಕೇ ಇಷ್ಟು ಉದ್ದ ಬರೆದೆ. ಇದನ್ನು ತಂದುಕೊಟ್ಟ ಟ್ಯಾಕ್ಸಿಯ ಫಾಯಖ್ ನಿಮ್ಮ ಓಣಿಯ ತಿರುವಿನಲ್ಲಿ ಕಾಯುತ್ತಿದ್ದ. ನೀವು ಮೊದಲ ಹಾಳೆ ಮುಗಿಸುವಷ್ಟರಲ್ಲಿ ಚಿನಾರ್ ಹಾನಾಳನ್ನು ಬಿಚ್ಚಿ, ಎತ್ತಿಕೊಂಡು, ಆ ಟ್ಯಾಕ್ಸಿಯಲ್ಲಿ ಕೂತಿರುತ್ತಾಳೆ. ಈಗ ಬಾಗಿಲು ತೆರೆದು ಓಡಬೇಡಿ, ಅವರು ರಾನಿಯಾ ದಾರಿ ಹಿಡಿದಾಯಿತು. ಕಾವಲು ಠಾಣೆಯಲ್ಲಿರುವ ಅವಳ ಗಂಡ, ನಿಮ್ಮ ಮಗ ಝಾನಾನಿಗೆ ಅವಳು ನಿನ್ನೆಯೇ ಫೋನ್ ಮಾಡಿ ಕೇಳಿದ್ದಾಳೆ. “ಹೋಗು. ನಾನೂ ರಜ ಹಾಕಿ ಅಲ್ಲಿಗೇ ಬರ್ತೀನಿ” ಎಂದನಂತೆ. ಹಾಸಿಗೆ ಹಾಸಿಟ್ಟಿದ್ದೇನೆ. ಬಾಣಂತಿಗೆಂದು ಕೋಳಿಸಾರು ಒಲೆಯ ಮೇಲಿದೆ. ಇನ್ನು ಮೇಲೆ ಇದೇ ಅವಳ ತವರು.

ಮೊಮ್ಮಗಳನ್ನು ನೋಡಬೇಕೆನಿಸಿದರೆ ಬನ್ನಿ, ಬಾಗಿಲಲ್ಲಿ ತಡೆಯುವುದಿಲ್ಲ. ಆದರೆ ಎತ್ತಿಕೊಳ್ಳುವ ಮುನ್ನ ನನ್ನ ನೆಲಹಾಸಿನ ಮೇಲೆ ನೀವೂ ಬೋರಲು ಮಲಗಬೇಕು, ಅವಳ ಮುಖಕ್ಕೆ ಮುಖ ಕೊಟ್ಟು, ಅವಳು ಕತ್ತೆತ್ತಿ ನಿಮ್ಮನ್ನು ನೋಡುವವರೆಗೆ. ನಮ್ಮ ವಯಸ್ಸಿನಲ್ಲಿ ಅಲ್ಲಿಂದ ಏಳುವುದು ಕಷ್ಟ. ಕೈ ಕೊಡಲು ನಾನಿರುತ್ತೇನೆ. ಕೇಳಿದರೆ.